ಪ್ರಾರ್ಥನೆಗೆ ಕೂರುವ ಮುಂಚೆ

ಪ್ರಿಯ ಸಹೋದರ ಸಹೋದರಿಯರೇ, ವಂದನೆಗಳು.

ಈ ವಾರ ಬೈಬಲಿನ ಮತ್ತಾಯ 5:23-24 ಓದಿಕೊಂಡು ಬನ್ನಿ. ಕಾಣಿಕೆ ಕೊಡಲು ಬಂದಾಗ, ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎನ್ನುತ್ತಾರೆ ಯೇಸುಸ್ವಾಮಿ. ತಪ್ಪು ಯಾರದು ಎಂದು ಅಲ್ಲಿ ಕೇಳಿಯೇ ಇಲ್ಲ, ಗಮನಿಸಿ. ನನಗೆ ಜಾಸ್ತಿ ಕಷ್ಟ ಅನ್ನಿಸುವುದು ಇದೇ.

ಮಾತು ಬಿಟ್ಟವರಿಗೆ ಫೋನ್ ಮಾಡಿ. ಮೆಸೇಜ್ ಹಾಕಿ ಸುಮ್ಮನಾಗಬೇಡಿ, ನಿಮ್ಮ ದನಿ ಅವರಿಗೆ ಕೇಳಿಸಲಿ. ಸಾಲ ಉಳಿಸಿಕೊಂಡಿದ್ದರೆ ಯಾವಾಗ ಕೊಡುತ್ತೀರಿ ಎಂದು ಹೇಳಿಬಿಡಿ.

ಆಮೇಲೆ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ. ಉದ್ದ ಬೇಡ. ಲೂಕ 18ರಲ್ಲಿ ಯೇಸುಸ್ವಾಮಿ ಹೇಳುವ ಕಥೆಯ ಸುಂಕದವನು, ಅಂದರೆ ತೆರಿಗೆ ವಸೂಲಿ ಮಾಡುವವನು, ಎದೆ ಬಡಿದುಕೊಂಡು ಕರುಣೆ ಬೇಡಿದ್ದು ಒಂದೇ ಸಾಲಿನಲ್ಲಿ. ಅಷ್ಟೇ ಸಾಕಾಯಿತು, ಅಲ್ವಾ?

ಪ್ರಾರ್ಥನೆ ವಿನಂತಿಗಳನ್ನು ಶನಿವಾರದೊಳಗೆ ಇಲ್ಲಿ ಹಾಕಿ. ಬೇರೆಯವರ ವಿಷಯವಾದರೆ ಅವರನ್ನು ಕೇಳಿಯೇ ಹಾಕಿ.