ಭಾನುವಾರದ ಓದು: ಆ ಸಾವುಗಳಿಗೆ ಹೊಣೆ ಯಾರು?

ಬಳಗದ ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಾಟುಂಗಾದಲ್ಲಿ, ಎಂದಿನ ಕೋಣೆಯಲ್ಲೇ, ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಕೊನೆಯ ಎರಡು ಅಂಕಗಳನ್ನು ಓದುತ್ತೇವೆ. ಮೂರನೆಯ ಅಂಕದ ಐದನೆಯ ದೃಶ್ಯವನ್ನು ಮನೆಯಲ್ಲೇ ಓದಿಕೊಂಡು ಬನ್ನಿ.

ಕೊನೆಗೆ ಈ ಪ್ರೇಮಿಗಳಿಬ್ಬರೂ ಸಾಯುವ ಬಗ್ಗೆ ವಾರವಿಡೀ ಗುಂಪಿನಲ್ಲಿ ‘ಎಲ್ಲ ಹಣೆಬರಹ’ ಎಂಬ ಮಾತೇ ಹರಿದಾಡಿದೆ. ನನಗೆ ಒಪ್ಪಿಗೆಯಿಲ್ಲ. ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ರೋಮಿಯೋನನ್ನು ಗುಟ್ಟಾಗಿ ಮದುವೆಯಾಗಿದ್ದು, ಮನೆಯವರು ಗೊತ್ತುಮಾಡಿದ ಮದುವೆ ಒಲ್ಲೆನೆಂದ ಮಗಳಿಗೆ ತಂದೆ ಬೀದಿಯಲ್ಲಿ ಸಾಯಿ ಎನ್ನುತ್ತಾನೆ. ತಾಯಿ ಮಾತು ಬಿಡುತ್ತಾಳೆ. ಎದೆಹಾಲು ಕೊಟ್ಟು ಸಾಕಿದ ದಾದಿಯೂ ಮನೆಯವರು ನೋಡಿದ ವರ ಪ್ಯಾರಿಸ್‌ನನ್ನೇ ಕಟ್ಟಿಕೋ ಎಂದುಬಿಡುತ್ತಾಳೆ. ಆ ಮಗು ಇನ್ನೆಲ್ಲಿಗೆ ಹೋಗಬೇಕಿತ್ತು?

ಹೋದದ್ದು ಪಾದ್ರಿ ಲಾರೆನ್ಸ್ ಬಳಿಗೆ. ಆ ಮದುವೆ ತಪ್ಪಿಸಲು ಅವನು ಕೊಟ್ಟದ್ದು 42 ಗಂಟೆ ಸತ್ತಂತೆ ಮಲಗಿಸುವ ಮದ್ದು. ಈ ಉಪಾಯ ತಿಳಿಸಲು ರೋಮಿಯೋಗೆ ಪತ್ರ ಒಯ್ಯಬೇಕಿದ್ದವನನ್ನು ಪ್ಲೇಗ್ ಶಂಕೆಯಿಂದ ಮನೆಯೊಳಗೆ ಕೂಡಿಹಾಕಿದ್ದು ದುರದೃಷ್ಟ, ನಿಜ. 1896ರ ಪ್ಲೇಗ್ ಕಂಡ ಮುಂಬೈಯವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಗೋರಿಯೊಳಗೆ ಎಚ್ಚೆತ್ತವಳನ್ನು, ಪಕ್ಕದಲ್ಲಿ ಅವಳು ಸತ್ತಳೆಂದೇ ನಂಬಿ ವಿಷ ಕುಡಿದ ಗಂಡನ ಹೆಣ, ಕೈಗೆಟುಕುವಂತೆ ಅವನ ಕಠಾರಿ ಇರುವಾಗ, ಕಾವಲುಗಾರರ ಸದ್ದಿಗೆ ಹೆದರಿ ಬಿಟ್ಟೋಡಿದ್ದು ಯಾವ ವಿಧಿ? ನನ್ನ ಮಟ್ಟಿಗೆ ಪಾದ್ರಿಯದೇ ದೊಡ್ಡ ಅಪರಾಧ.

ರೋಮಿಯೋ ಕೂಡ ಅಮಾಯಕನಲ್ಲ. ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್, ಪ್ಯಾರಿಸ್ ಇಬ್ಬರೂ ಸತ್ತದ್ದು ಅವನ ಕೈಯಲ್ಲೇ. ಇದನ್ನು ಯಾರಾದರೂ ಗಟ್ಟಿಯಾಗಿ ವಾದಿಸಬೇಕು.

ಪಾದ್ರಿಯ ಪರ ಮಾತನಾಡುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ತಿಳಿಸಿ. ಠಾಣೆ, ಡೊಂಬಿವಲಿ ಕಡೆಯವರು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ವೇಳೆ ನೋಡಿಕೊಂಡು ಬೇಗ ಹೊರಡಿ.