ಭಾನುವಾರ ಏನು ಮಾಡಿದೆ ಅಂತ ಇಂಗ್ಲಿಷಿನಲ್ಲಿ ಹೇಳಲು ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಶಾಲೆಗಳು ಶುರುವಾಗಿವೆ. ನಮ್ಮ ಗುಳೇದಗುಡ್ಡದ ಪುಸ್ತಕದ ಅಂಗಡಿಗಳಲ್ಲಿ ಮತ್ತೆ ಅವೇ ಇಂಗ್ಲಿಷ್ ಚಾರ್ಟುಗಳು ತೂಗುತ್ತಿವೆ. 'ಡೈಲಿ ಆಕ್ಟಿವಿಟೀಸ್' ಅಂತ ಒಂದು, 'ಹಾಬೀಸ್ ಅಂಡ್ ಸ್ಪೋರ್ಟ್ಸ್' ಅಂತ ಇನ್ನೊಂದು. ಅವುಗಳಲ್ಲಿ ಹಿಮದ ಮೇಲೆ ಜಾರುವ ಹುಡುಗ ಇದ್ದಾನೆ, ಕುದುರೆ ಮೇಲೆ ಕುಳಿತ ಹುಡುಗಿ ಇದ್ದಾಳೆ, ಸಮುದ್ರದ ದಂಡೆಯಲ್ಲಿ ಮರಳಿನ ಮನೆ ಕಟ್ಟುವ ಅಣ್ಣ ತಂಗಿ ಇದ್ದಾರೆ. ಇರಲಿ, ಲೋಕದಲ್ಲಿ ಏನೇನಿದೆ ಅಂತ ಮಕ್ಕಳಿಗೆ ಗೊತ್ತಾಗಬೇಕು. ಆದರೆ ನಮ್ಮ ಮಕ್ಕಳು ದಿನಾ ಮಾಡುವ ಕೆಲಸ, ಸಂಜೆ ಆಡುವ ಆಟ ಅಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ನಾನು ಮನೆಯಲ್ಲೇ ಟ್ಯೂಷನ್ ಹೇಳುವವಳು. ಬರುವವರಲ್ಲಿ ಹೆಚ್ಚಿನವರು ನೇಕಾರರ ಮನೆಯ ಮಕ್ಕಳು, ಕನ್ನಡ ಮಾಧ್ಯಮದವರು. ಇವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪದಗಳು ಇವರಿಗೆ ಚೆನ್ನಾಗಿ ಗೊತ್ತು. ಹಣ್ಣಿನ ಹೆಸರು, ಪ್ರಾಣಿಯ ಹೆಸರು, ಬಣ್ಣ, ವಾರ, ತಿಂಗಳು ಎಲ್ಲವನ್ನೂ ಗಡಗಡ ಹೇಳುತ್ತಾರೆ. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಹಾಗಾಗಿ ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಹೆಸರುಗಳ ದೊಡ್ಡ ಗಂಟೇ ಮಕ್ಕಳ ತಲೆಯಲ್ಲಿ ಇರುತ್ತದೆ. ಆದರೆ 'ನಿನ್ನೆ ಏನು ಮಾಡಿದೆ?' ಅಂತ ಇಂಗ್ಲಿಷಿನಲ್ಲಿ ಕೇಳಿ ನೋಡಿ. ಸುಮ್ಮನೆ ನಿಲ್ಲುತ್ತಾರೆ. ಯಾಕೆಂದರೆ ಎದ್ದದ್ದು, ನೀರು ತಂದದ್ದು, ಆಡಿದ್ದು, ಮಲಗಿದ್ದು ಇದೆಲ್ಲ ಹೇಳುವುದಕ್ಕೆ ಬೇಕಾದದ್ದು ಕ್ರಿಯಾಪದ. ಅದನ್ನು ನಾವು ಕಲಿಸಿಲ್ಲ. ಕಲಿಸಿದರೂ ಗೋ-ವೆಂಟ್-ಗಾನ್ ಅಂತ ಮಗ್ಗಿ ಹೇಳಿಸಿ ಬಿಟ್ಟಿದ್ದೇವೆ.

ಇಲ್ಲಿ ನಮ್ಮ ಭಾಗದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಇದನ್ನು ಬೆಂಗಳೂರಿನಲ್ಲಿ ಕೂತು ಪುಸ್ತಕ ಮಾಡುವವರು ಗಮನಿಸಿದಂತೆ ಕಾಣುವುದಿಲ್ಲ. ನಮ್ಮಲ್ಲಿ 'ಹೊಡಿ' ಅನ್ನುವ ಒಂದೇ ಮಾತಿನಲ್ಲಿ ಅರ್ಧ ದಿನ ನಡೆಯುತ್ತದೆ. ಸೈಕಲ್ ಹೊಡೆಯುತ್ತೇವೆ, ಬಾವಿಯಲ್ಲಿ ಈಸು ಹೊಡೆಯುತ್ತೇವೆ, ಹೊಲದಲ್ಲಿ ಗಳೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಸಿಳ್ಳೆ ಹೊಡೆಯುತ್ತೇವೆ, ಕಟ್ಟೆ ಮೇಲೆ ಕೂತು ಹರಟೆ ಹೊಡೆಯುತ್ತೇವೆ. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಂದೊಂದು ಬೇರೆ ಮಾತು: ಸೈಕಲ್ಲಿಗೆ ರೈಡ್, ಈಜಿಗೆ ಸ್ವಿಮ್, ಗಳೆಗೆ ಪ್ಲೋ, ಬಣ್ಣಕ್ಕೆ ಪೇಂಟ್, ಸಿಳ್ಳೆಗೆ ವಿಸಲ್, ಹರಟೆಗೆ ಚಾಟ್. ಮಗುವಿಗೆ ಹೊಡಿ ಅಂದರೆ ಹಿಟ್ ಅಥವಾ ಬೀಟ್ ಅಂತ ಮಾತ್ರ ಹೇಳಿಕೊಟ್ಟಿರುತ್ತೇವೆ. ಅದು ಪಾಪ 'ಐ ಬೀಟ್ ಸೈಕಲ್' ಅನ್ನುತ್ತದೆ. ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ, ಮತ್ತೆ ಆ ಮಗು ಬಾಯಿ ಬಿಡುವುದಿಲ್ಲ. ಮಗುವಿನ ತಲೆ ಸರಿಯಾಗೇ ಓಡಿದೆ, ನಾವು ಹೇಳಿಕೊಡಬೇಕಾದ್ದನ್ನು ಹೇಳಿಕೊಟ್ಟಿಲ್ಲ ಅಷ್ಟೇ.

'ಬಡಿ' ಕೂಡ ಹಾಗೇ. ಹೋಳಿಯಲ್ಲಿ ಹಲಗೆ ಬಡಿಯುವುದು ಬೀಟ್. ಅವ್ವ ಜೋಳದ ರೊಟ್ಟಿ ಬಡಿಯುವುದು ಪ್ಯಾಟ್, ಅಂದರೆ ಅಂಗೈಯಿಂದ ಮೆಲ್ಲಗೆ ತಟ್ಟುವುದು. ಇನ್ನು 'ಹಾಕು' ತೆಗೆದುಕೊಳ್ಳಿ. ಅಂಗಿ ಹಾಕಿದರೆ ಪುಟ್ ಆನ್, ಟಿವಿ ಹಾಕಿದರೆ ಸ್ವಿಚ್ ಆನ್, ಕೀಲಿ ಹಾಕಿದರೆ ಲಾಕ್, ಗಿಡಕ್ಕೆ ನೀರು ಹಾಕಿದರೆ ವಾಟರ್, ಬಾಗಿಲ ಮುಂದೆ ರಂಗೋಲಿ ಹಾಕಿದರೆ ಡ್ರಾ. ಈ ಮಾತುಗಳಲ್ಲಿ ಕಷ್ಟದ್ದು ಒಂದೂ ಇಲ್ಲ. ಜೊತೆಗೆ ಮಗು ಇವನ್ನೆಲ್ಲ ಬೆಳಗಿನಿಂದ ರಾತ್ರಿವರೆಗೆ ಮಾಡುತ್ತಲೋ ನೋಡುತ್ತಲೋ ಇರುತ್ತದೆ. ಮಾಡುವಾಗಲೇ ಹೇಳಿಕೊಟ್ಟರೆ ಉರು ಹೊಡೆಸುವ ಕೆಲಸವೇ ಇಲ್ಲ.

ಓದುವುದರಲ್ಲಂತೂ ದೊಡ್ಡವರೂ ಎಡವುತ್ತಾರೆ. 'ಐದನೇ ಕ್ಲಾಸ್ ಓದ್ತೀನಿ' ಅನ್ನುವುದನ್ನು ಹಾಗೇ ತಿರುಗಿಸಿ 'ಐ ಆಮ್ ರೀಡಿಂಗ್ ಫಿಫ್ತ್' ಅಂತ ಹೇಳುತ್ತಾರೆ. ಪುಸ್ತಕ, ಪೇಪರು ಓದುವುದು ರೀಡ್. ಶಾಲೆಯಲ್ಲಿ ಕಲಿಯುವುದು, ಪರೀಕ್ಷೆಗೆ ಕೂತು ಓದುವುದು ಸ್ಟಡಿ. 'ನೋಡು' ಕೂಡ ಒಂದೇ ಅಲ್ಲ. ಟಿವಿ, ಕ್ರಿಕೆಟ್ ಮ್ಯಾಚ್ ಹೀಗೆ ಸ್ವಲ್ಪ ಹೊತ್ತು ಕೂತು ನೋಡುವುದಕ್ಕೆ ವಾಚ್. ದಾರಿಯಲ್ಲಿ ಕಣ್ಣಿಗೆ ಬಿದ್ದದ್ದು ಸೀ. ಇತ್ತ ನೋಡು ಅನ್ನುವುದಕ್ಕೆ ಲುಕ್. ಹಾಡು ಕೇಳುವುದಕ್ಕೆ ಲಿಸನ್ ಅಂದರೆ ಸಾಲದು, ಲಿಸನ್ ಟು ಅನ್ನಬೇಕು. ಆ 'ಟು' ನಮ್ಮ ಮಕ್ಕಳ ವಾಕ್ಯದಲ್ಲಿ ಯಾವಾಗಲೂ ಮಾಯ.

ಆಟಕ್ಕೆ ಬರೋಣ. ಇದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟದ ವಿಷಯ, ಕಲಿಸುವುದಕ್ಕೂ ಸುಲಭ. ಪ್ಲೇ, ಗೋ, ಡು ಈ ಮೂರು ಮಾತು ಎಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಚೆಂಡಿನಾಟ, ಎರಡು ಪಾರ್ಟಿ ಮಾಡಿಕೊಂಡು ಆಡುವ ಆಟ, ಕೂತು ಆಡುವ ಆಟ ಎಲ್ಲಕ್ಕೂ ಪ್ಲೇ: ಪ್ಲೇ ಕ್ರಿಕೆಟ್, ಪ್ಲೇ ಕಬಡ್ಡಿ, ಪ್ಲೇ ಕೇರಂ, ಪ್ಲೇ ಚೆಸ್. ಮನೆಯಿಂದ ಹೊರಟು ಹೋಗಿ ಮಾಡುವಂಥದ್ದಕ್ಕೆ, ಕೊನೆಗೆ 'ಇಂಗ್' ಇರುವುದಕ್ಕೆ ಗೋ: ಗೋ ಸ್ವಿಮ್ಮಿಂಗ್, ಗೋ ಸೈಕ್ಲಿಂಗ್, ಗೋ ಫಿಶಿಂಗ್. ಮೈ ದಂಡಿಸುವ ಸಾಧನೆಗಳಿಗೆ ಡು: ಡು ಯೋಗ, ಡು ಎಕ್ಸರ್‌ಸೈಜ್, ಡು ಕರಾಟೆ. ಜೂನ್ 21 ಬಂತೆಂದರೆ ಎಲ್ಲ ಶಾಲೆಯ ಮಕ್ಕಳೂ ಚಾಪೆ ಹಾಸಿ ಯೋಗ ಮಾಡುತ್ತಾರೆ ಅಲ್ವಾ? ಅವತ್ತೇ 'ವಿ ಡು ಯೋಗ' ಅಂತ ಹೇಳಿಸಿದರೆ 'ಪ್ಲೇ ಯೋಗ' ಅಂತ ಯಾವ ಮಗುವೂ ಹೇಳುವುದಿಲ್ಲ. ಕುಸ್ತಿಗೆ ಮಾತ್ರ ಈ ಮೂರೂ ಬೇಡ, ರೆಸಲ್ ಅನ್ನುವುದೇ ಕ್ರಿಯಾಪದ. ಗರಡಿಮನೆಗಳಿರುವ ಬೆಳಗಾವಿ, ಬಾಗಲಕೋಟೆ ಕಡೆಯ ಮಕ್ಕಳಿಗೆ ಈ ಮಾತು ಗೊತ್ತಿರದಿದ್ದರೆ ಹೇಗೆ? ಸೈಕ್ಲಿಂಗ್ ಕೂಡ ಹಾಗೇ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಎಷ್ಟು ಸೈಕಲ್ ಪಟುಗಳು ಬಂದಿದ್ದಾರೆ ಅಂತ ನಿಮ್ಮ ಕ್ರೀಡಾ ಪುಟ ಓದುವವರಿಗೆಲ್ಲ ಗೊತ್ತು.

ನಮ್ಮ ಆಟಗಳಿಗೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಬಹಳಷ್ಟಕ್ಕೆ ಇದೆ. ಕುಂಟಾಟಕ್ಕೆ ಹಾಪ್‌ಸ್ಕಾಚ್, ಗೋಟಿಗೆ ಮಾರ್ಬಲ್ಸ್, ಕಣ್ಣಾಮುಚ್ಚಾಲೆಗೆ ಹೈಡ್ ಅಂಡ್ ಸೀಕ್, ಬಗರಿ ತಿರುಗಿಸುವುದಕ್ಕೆ ಸ್ಪಿನ್ ಎ ಟಾಪ್, ಗಾಳಿಪಟ ಹಾರಿಸುವುದಕ್ಕೆ ಫ್ಲೈ ಎ ಕೈಟ್. ನಮ್ಮ ಚಿಣಿಫಣಿಯನ್ನು, ಅಂದರೆ ಚಿನ್ನಿದಾಂಡನ್ನು, ಹೋಲುವ ಆಟವನ್ನು ಇಂಗ್ಲೆಂಡಿನ ಮಕ್ಕಳೂ ಆಡುತ್ತಿದ್ದರು, ಅದರ ಹೆಸರು ಟಿಪ್‌ಕ್ಯಾಟ್. ಇದನ್ನು ಹೇಳಿದಾಗ ನಮ್ಮ ಹುಡುಗರ ಮುಖ ನೋಡಬೇಕಿತ್ತು. ಕಬಡ್ಡಿ, ಖೋಖೋಗೆ ಬೇರೆ ಹೆಸರೇ ಬೇಕಾಗಿಲ್ಲ. ಕಬಡ್ಡಿ 1990ರಲ್ಲೇ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಹೋಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು, ನಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಗೆದ್ದರು. ಇಷ್ಟು ದೊಡ್ಡ ಆಟಗಳು ಚಾರ್ಟಿನಲ್ಲಿ ಇಲ್ಲ, ಹಿಮದಾಟ ಇದೆ!

ಈಗ ನನಗೆ ನಿಜವಾಗಿ ಬೇಜಾರು ತರುವ ವಿಷಯಕ್ಕೆ ಬರುತ್ತೇನೆ. 'ಮೈ ಹಾಬಿ' ಅಂತ ಒಂದು ಪ್ರಬಂಧ ಇರುತ್ತದೆ. ಗೈಡಿನಲ್ಲಿ ಇರುವುದನ್ನೇ ಎಲ್ಲರೂ ಬರೆಯುತ್ತಾರೆ: ನನ್ನ ಹವ್ಯಾಸ ಅಂಚೆಚೀಟಿ ಸಂಗ್ರಹ, ನನ್ನ ಹತ್ತಿರ ಬೇರೆ ಬೇರೆ ದೇಶದ ಅಂಚೆಚೀಟಿಗಳಿವೆ. ನನ್ನ ಹತ್ತಿರ ಬರುವ ಒಬ್ಬ ಹುಡುಗಿಯೂ ಹೀಗೇ ಬರೆದುಕೊಂಡು ಬಂದಿದ್ದಳು. ಅಕ್ಷರ ಮುತ್ತಿನಂತಿತ್ತು, ಒಂದೂ ತಪ್ಪಿರಲಿಲ್ಲ. ಅಂಚೆಚೀಟಿ ನೋಡಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದಳು. ಹಾಗಾದರೆ ಶಾಲೆ ಬಿಟ್ಟ ಮೇಲೆ ಏನು ಮಾಡುತ್ತೀ ಅಂದೆ. 'ಅವ್ವಗ ಕಂಡಿಕಿ ಸುತ್ತಿ ಕೊಡ್ತೀನ್ರಿ ಅಕ್ಕೋರ, ಆಮ್ಯಾಲೆ ಚೌಕಾಬಾರಾ ಆಡ್ತೀವ್ರಿ' ಅಂದಳು. ಆಮೇಲೆ ಮೆಲ್ಲಗೆ, 'ಇದು ಹಾಬಿ ಆಗ್ತೈತೇನ್ರಿ?' ಅಂತ ಕೇಳಿದಳು.

ಆಗುತ್ತದೆ ಅಂತ ಹೇಳಿ ಇಬ್ಬರೂ ಕೂತು ಬರೆದೆವು. ಕಂಡಿಕೆ ಸುತ್ತುವುದು, ಅಂದರೆ ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತುವುದು, ಮನೆಗೆಲಸಕ್ಕೆ ಸೇರಿತು, ಚೌಕಾಬಾರಾ ಹವ್ಯಾಸಕ್ಕೆ. ಸುತ್ತುವುದಕ್ಕೆ ಇಂಗ್ಲಿಷಿನಲ್ಲಿ ವೈಂಡ್. ಗಾಳಿಯ 'ವಿಂಡ್'ಗೂ ಇದಕ್ಕೂ ಸ್ಪೆಲಿಂಗ್ ಒಂದೇ, ಓದುವುದು ಮಾತ್ರ ಬೇರೆ. 'ಐ ವೈಂಡ್ ಥ್ರೆಡ್ ಫಾರ್ ಮೈ ಮದರ್. ಶಿ ವೀವ್ಸ್ ಖಣ.' ಖಣ ಅಂದರೆ ರವಿಕೆ ಬಟ್ಟೆ, ಆ ಮಾತನ್ನು ಹಾಗೇ ಬಿಟ್ಟೆವು, ಗುಳೇದಗುಡ್ಡದ ಖಣ ಯಾವ ಭಾಷೆಯಲ್ಲಿ ಬರೆದರೂ ಖಣವೇ. ಚೌಕಾಬಾರಾಕ್ಕೆ ಕವಡೆ ಎಸೆಯುವುದು ಥ್ರೋ, ಕಾಯಿ ನಡೆಸುವುದು ಮೂವ್. ಆಮೇಲೆ ಅವಳು ಯಾರ ಸಹಾಯವೂ ಇಲ್ಲದೆ 'ಮೈ ಬ್ರದರ್ ಚೀಟ್ಸ್' ಅಂತ ಒಂದು ವಾಕ್ಯ ಸೇರಿಸಿದಳು. ತಮ್ಮ ಮೋಸ ಮಾಡುತ್ತಾನಂತೆ. ಅವಳು ತಾನಾಗಿ ಕಟ್ಟಿದ ವಾಕ್ಯ ಅದು. ಕೊನೆಯ 'ಎಸ್' ಕೂಡ ಬಿಟ್ಟಿರಲಿಲ್ಲ.

ಹಬ್ಬಗಳಲ್ಲಂತೂ ಕಲಿಸುವುದಕ್ಕೆ ಬೇಕಾದಷ್ಟಿದೆ. ಕಾರಹುಣ್ಣಿಮೆ ಆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣು ತಂದು ಎತ್ತು ಮಾಡುತ್ತಾರೆ. 'ಐ ಮೇಡ್ ಟು ಬುಲ್ಸ್ ವಿತ್ ಕ್ಲೇ' ಅನ್ನುವುದು ಎಷ್ಟು ಚಿಕ್ಕ ವಾಕ್ಯ! ಪಂಚಮಿಗೆ ಜೋಕಾಲಿ ಕಟ್ಟುತ್ತೇವೆ. ಜೋಕಾಲಿ ಆಡಿದೆ ಅನ್ನುವುದನ್ನು 'ಪ್ಲೇಡ್ ಸ್ವಿಂಗ್' ಅಂತ ಬರೆಯುತ್ತಾರೆ, 'ಪ್ಲೇಡ್ ಆನ್ ದ ಸ್ವಿಂಗ್' ಆಗಬೇಕು. ಬಾಗಲಕೋಟೆ ಹೋಳಿ ಬಗ್ಗೆ ಒಂದು ಪುಟವನ್ನೇ ಬರೆಯಬಹುದು.

ಮನೆಯವರಿಗೂ ಒಂದು ಮಾತು. ಇಂಗ್ಲಿಷ್ ಬಾರದ ಅವ್ವ ಅಪ್ಪ ತಮ್ಮಿಂದ ಏನೂ ಆಗದು ಅಂದುಕೊಂಡು ದುಡ್ಡು ಕೊಟ್ಟು ಮಕ್ಕಳನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸುತ್ತಾರೆ. ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಇವತ್ತು ಏನು ಮಾಡಿದೆ ಅಂತ ಕನ್ನಡದಲ್ಲೇ ಕೇಳಿ. ಬೆಳಗಿನಿಂದ ಸಂಜೆವರೆಗಿನದನ್ನು ಮಗು ಒಂದರ ಹಿಂದೆ ಒಂದು ಜೋಡಿಸಿ ಹೇಳಲಿ. ಕನ್ನಡದಲ್ಲಿ ಹಾಗೆ ಹೇಳಲು ಬಂದ ಮಗುವಿಗೆ ಇಂಗ್ಲಿಷಿನಲ್ಲಿ ಹೇಳಿಸುವುದು ನಮಗೆ ತುಂಬಾ ಸುಲಭ. ಮನೆಯಲ್ಲಿ ಮರಾಠಿ ಮಾತಾಡುವ ಬೆಳಗಾವಿಯ ಮಗುವಿಗೂ, ಉರ್ದು ಮಾತಾಡುವ ವಿಜಯಪುರದ ಮಗುವಿಗೂ ಇದೇ ಮಾತು. ಇಂಗ್ಲಿಷ್ ಜಾಸ್ತಿಯಾಗಿ ಕನ್ನಡ ಹೋಗುತ್ತದೆ ಅಂತ ಹೆದರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಹೀಗೆ ಕಲಿತ ಮಗುವಿಗೆ ಕಂಡಿಕೆ, ಗಳೆ, ಜೋಕಾಲಿ ಅನ್ನುವ ಮಾತುಗಳೂ ಉಳಿಯುತ್ತವೆ. ಅಂಚೆಚೀಟಿ ಪ್ರಬಂಧ ಉರು ಹೊಡೆದ ಮಗುವಿಗೆ ಈ ಕಡೆಯದೂ ಇಲ್ಲ, ಆ ಕಡೆಯದೂ ಇಲ್ಲ.

ಶಾಲೆಯ ಗುರುಗಳಿಗೆ ಎಷ್ಟು ಕೆಲಸ ಇರುತ್ತದೆ ಅಂತ ನನಗೆ ಗೊತ್ತು, ಹೊಸ ಪಾಠ ಮಾಡಿ ಅಂತ ನಾನು ಹೇಳುತ್ತಿಲ್ಲ. ಸೋಮವಾರದ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮೊದಲ ಹತ್ತು ನಿಮಿಷ ನಿನ್ನೆ ಏನು ಮಾಡಿದೆ ಅಂತ ಎರಡೆರಡು ವಾಕ್ಯ ಹೇಳಿಸಿ. ಮಗು ಗೊತ್ತಿಲ್ಲದ ಕಡೆ ಕನ್ನಡದ ಮಾತು ಹಾಕಲಿ, ಆ ಒಂದು ಮಾತನ್ನು ಬೋರ್ಡಿನ ಮೇಲೆ ಬರೆದುಕೊಡಿ. ನಗುವವರನ್ನು ಮಾತ್ರ ಅಲ್ಲೇ ತಡೆಯಿರಿ. ಪ್ರಬಂಧ ತಿದ್ದುವಾಗ ಗೈಡಿನಿಂದ ಬಂದ ಅಚ್ಚುಕಟ್ಟು ಹಾಬಿಗಿಂತ ಎರಡು ತಪ್ಪಿರುವ ಸ್ವಂತ ಹಾಬಿಗೆ ಒಂದು ಮಾರ್ಕು ಜಾಸ್ತಿ ಕೊಡಿ. ಪಠ್ಯಪುಸ್ತಕ ಮಾಡುವವರು ಮುಂದಿನ ಸಲ ಚಿತ್ರ ಬರೆಸುವಾಗ ಮಗ್ಗ, ಗರಡಿಮನೆ, ಖೋಖೋ ಅಂಕಣ, ಸಂತೆ ಇಷ್ಟನ್ನಾದರೂ ಸೇರಿಸಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಬೇಡಿಕೆ. ನಿಮ್ಮ ಪತ್ರಿಕೆ ನಮ್ಮೂರಿನ ಚಹಾದಂಗಡಿಗೂ ಬರುತ್ತದೆ, ಮಗ್ಗದ ಮನೆಗೂ ಬರುತ್ತದೆ. ಮಕ್ಕಳ ಪುಟದಲ್ಲಿ ವಾರಕ್ಕೊಮ್ಮೆ ಒಂದು ಚಿಕ್ಕ ಬಾಕ್ಸ್ ಕೊಡಿ. ಆ ವಾರ ನಮ್ಮ ಕಡೆ ಮಕ್ಕಳು ಮಾಡುವ ಕೆಲಸ, ಆಟದ ಬಗ್ಗೆ ಐದು ಇಂಗ್ಲಿಷ್ ವಾಕ್ಯ ಇರಲಿ, ಕನ್ನಡ ಲಿಪಿಯಲ್ಲಿ ಓದುವ ರೀತಿಯೂ ಪಕ್ಕದಲ್ಲಿರಲಿ, ಆಗ ಅಕ್ಷರ ಬಲ್ಲ ಯಾವ ಅವ್ವನೂ ಮಗುವಿಗೆ ಓದಿ ಹೇಳಬಹುದು. ಮೊದಲ ಕೆಲವು ವಾರದ ವಾಕ್ಯಗಳನ್ನು ಬರೆದು ಕಳಿಸಲು ನಾನು ತಯಾರಿದ್ದೇನೆ. ಬೇರೆ ಊರಿನ ಶಿಕ್ಷಕರು ತಮ್ಮ ಕಡೆಯ ಆಟಗಳನ್ನು ಸೇರಿಸಿದರೆ ಇನ್ನೂ ಒಳ್ಳೆಯದು.

ಇಂತಿ,
ಟ್ಯೂಷನ್ ಹೇಳುವ ಒಬ್ಬ ಓದುಗಾರ್ತಿ
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ