ಹಾರ್ಡಿ ಜೊತೆಗೆ ನೆವಿಲ್‌ರನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ಗಣಿತಜ್ಞ ರಾಮಾನುಜನ್ ಹುಟ್ಟಿದ ಡಿಸೆಂಬರ್ 22 ಬಂತೆಂದರೆ, ಅವರಿಗೂ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೂ ನಡುವಿನ ಪತ್ರಗಳ ಲೇಖನಗಳು ಸಾಲುಗಟ್ಟುತ್ತವೆ. ಆದರೆ 1913ರಲ್ಲಿ ಕೇಂಬ್ರಿಜ್‌ಗೆ ಬರುವಂತೆ ಹಾರ್ಡಿಯಿಂದ ಅಂಚೆಯ ಮೂಲಕ ಬಂದ ಆಹ್ವಾನಕ್ಕೆ ರಾಮಾನುಜನ್ ಒಪ್ಪಿರಲಿಲ್ಲ. ಸಮುದ್ರ ದಾಟುವ ಕಟ್ಟುಪಾಡು ಅಡ್ಡ ಬಂತು. 1914ರ ಆರಂಭದಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಉಪನ್ಯಾಸ ಕೊಡಲು ಬಂದ ಕೇಂಬ್ರಿಜ್‌ನ ಗಣಿತಜ್ಞ ಇ.ಎಚ್. ನೆವಿಲ್ ರಾಮಾನುಜನ್‌ರ ನೋಟ್‌ಬುಕ್ಕುಗಳನ್ನು ಕಣ್ಣಾರೆ ಕಂಡು, ಹಣಕ್ಕಾಗಿ ವಿಶ್ವವಿದ್ಯಾಲಯಕ್ಕೆ ಬರೆದರು. ವರ್ಷಕ್ಕೆ 250 ಪೌಂಡ್ ಮಂಜೂರಾಯಿತು. ಮಾರ್ಚ್ 17ಕ್ಕೆ ಹಡಗು ಹೊರಟಿತು.

ಅದಕ್ಕೂ ಮೊದಲು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಶಿಫಾರಸು ಬರೆದಿದ್ದರೂ, 1912ರಲ್ಲಿ ಸಿಕ್ಕಿದ್ದು ಮದ್ರಾಸು ಪೋರ್ಟ್ ಟ್ರಸ್ಟ್‌ನಲ್ಲಿ (ಬಂದರು ಕಚೇರಿಯಲ್ಲಿ) ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ. ಕಾರಣ ಸರಳ: ಎಫ್.ಎ. (ಪದವಿಗೆ ಮುಂಚಿನ ಕಾಲೇಜು) ಪರೀಕ್ಷೆ ಪಾಸಾಗದವರಿಗೆ ಕಾಲೇಜಿನಲ್ಲಿ ಜಾಗವಿರಲಿಲ್ಲ. ನಮ್ಮ ಹಳೆಯ ವಿಶ್ವವಿದ್ಯಾಲಯಗಳು ಬಹುಕಾಲ ಪರೀಕ್ಷೆ ನಡೆಸುವ ಕಚೇರಿಗಳೇ ಆಗಿದ್ದವು. 1896ರ ಶಿಕ್ಷಣ ಸೇವೆಯ ವ್ಯವಸ್ಥೆಯಂತೂ ಇಂಗ್ಲೆಂಡಿನಲ್ಲಿ ನೇಮಕವಾದವರಿಗೆ ಒಂದು ಶ್ರೇಣಿ, ಇಲ್ಲಿನವರಿಗೆ ಕಡಿಮೆ ಸಂಬಳದ ಇನ್ನೊಂದು ಶ್ರೇಣಿ ಮಾಡಿತು. ಒಂದೇ ಪಾಠ, ಎರಡು ಸಂಬಳ!

ಎದುರು ದಿಕ್ಕಿನ ಪಯಣವೂ ಇತ್ತು. ದೆಹಲಿ ಕಾಲೇಜಿನ ಶಿಕ್ಷಕ ರಾಮಚಂದ್ರರ ಗರಿಷ್ಠ–ಕನಿಷ್ಠ ಲೆಕ್ಕಗಳ ಪುಸ್ತಕ 1850ರಲ್ಲಿ ಕಲ್ಕತ್ತದಲ್ಲಿ ಅಚ್ಚಾಗಿತ್ತು. 1859ರಲ್ಲಿ ಲಂಡನ್‌ನಲ್ಲಿ ಅದರ ಮರುಮುದ್ರಣಕ್ಕೆ ಮುಂದಾದವರು ಬ್ರಿಟಿಷ್ ಗಣಿತಜ್ಞ ಡಿ ಮಾರ್ಗನ್. ಅವರು ಹುಟ್ಟಿದ್ದು ಮದುರೆಯಲ್ಲಿ.

– ಗಣಿತ ಶಿಕ್ಷಕರೊಬ್ಬರು, ಧಾರವಾಡ